ಕುಂದಗೋಳದ ಗಾಡಿ

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಹೆಚ್ಚೆಂದರೆ ಅರ್ಧ ತಾಸಿನ ದಾರಿ. ಎರಡೂ ಬದಿಗೆ ಎರೆಭೂಮಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಹೆಸರು ಕಿತ್ತ ಹೊಲಗಳನ್ನು ಹಿಂಗಾರಿ ಬಿತ್ತನೆಗೆಂದು ಹರಗುತ್ತಿರುವುದು ಕಾಣುತ್ತದೆ, ನಡುನಡುವೆ ಹತ್ತಿ, ಮೆಣಸಿನಕಾಯಿ. ಕೆಲವು ವರ್ಷಗಳ ಹಿಂದೆ ಕುಂದಗೋಳದ ಹಿಂದೂಸ್ಥಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ಕೇಳಲು ನಾನು ಈ ಗಾಡಿ ಹತ್ತಿದ್ದೆ. ಕಿಟಕಿಯ ಪಕ್ಕ ಕುಳಿತವನಿಗೆ, ಇದೇ ಹಳಿಯ ಮೇಲೆ ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಮೂರು ಮಕ್ಕಳ ತಾಯಿಯೊಬ್ಬಳು ಪಾಠಕ್ಕೆಂದು ಹೋಗಿ, ಪಾಠ ಮುಗಿಸಿ, ರಾತ್ರಿಯ ಅಡುಗೆಯ ಚಿಂತೆ ಹೊತ್ತು ಹಿಂದಿರುಗುತ್ತಿದ್ದಳು ಎಂಬ ಸಂಗತಿ ಆವರೆಗೆ ಓದಿ ಗೊತ್ತಿದ್ದದ್ದು ಮಾತ್ರ ಆಗಿತ್ತು. ಅಂದು ಅದು ದೂರದ ಅಳತೆಯಾಗಿ, ಹೊತ್ತಿನ ಅಳತೆಯಾಗಿ ಮೈಗೆ ತಾಗಿತು.

ಆ ತಾಯಿ ಗಂಗೂಬಾಯಿ ಹಾನಗಲ್. ಅವರು ಇಳಿದು ನಡೆಯುತ್ತಿದ್ದ ಮನೆಯಲ್ಲಿ ಅದೇ ಕಾಲಕ್ಕೆ ಇನ್ನೊಬ್ಬ ಶಿಷ್ಯನಿದ್ದ, ಗದಗಿನ ಜೋಶಿ ಮಾಸ್ತರರ ಹಿರಿಯ ಮಗ ಭೀಮಸೇನ. ಇಬ್ಬರ ಗುರುವೂ ಒಬ್ಬರೇ, ಸವಾಯಿ ಗಂಧರ್ವರು; ಕಲಿತ ಕಿರಾನಾ ಗಾಯನದ ರೀತಿಯೂ ಒಂದೇ. ಆದರೆ ಆ ಬಾಗಿಲಿಗೆ ಬಂದು ಸೇರಿದ ದಾರಿಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು. ನಮ್ಮಲ್ಲಿ ಗಾಯಕರ ಆರಂಭದ ಬದುಕನ್ನು ಹೇಳುವಾಗ ಒಂದು ದಾರಿಯನ್ನು ಮಾತ್ರ ಮತ್ತೆ ಮತ್ತೆ ಬಣ್ಣಿಸುತ್ತೇವೆ, ಮತ್ತೊಂದನ್ನು ಎರಡು ವಾಕ್ಯದಲ್ಲಿ ಮುಗಿಸುತ್ತೇವೆ ಎಂಬುದು ನನ್ನ ತಕರಾರು.

ಬಣ್ಣಿಸುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಭೀಮಸೇನ ಜೋಶಿ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ರೋಣದಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು, ನಿಘಂಟು ರಚಿಸಿದ ವಿದ್ವಾಂಸರು, ಅಜ್ಜ ಕೀರ್ತನಕಾರರು, ತಾಯಿ ಮನೆಯಲ್ಲಿ ಭಜನೆ ಹಾಡುವವರು. ಹದಿನಾರು ಮಕ್ಕಳಲ್ಲಿ ಹಿರಿಯವನಾದ ಈ ಹುಡುಗ ಬ್ಯಾಂಡಿನ ಸದ್ದು ಕೇಳಿದರೆ ಮೆರವಣಿಗೆಯ ಹಿಂದೆ, ಭಜನೆ ಕೇಳಿದರೆ ಭಜನೆಯವರ ಹಿಂದೆ ಹೋಗಿ ದಣಿದಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸೋತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು, ಸಿಕ್ಕವರು ತಂದು ಮುಟ್ಟಿಸಲಿ ಎಂದು. ಅಂಗಡಿಯೊಂದರಲ್ಲಿ ಕಿರಾನಾದ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿದ್ದು, ‘ಹಾಡಿದರೆ ಹೀಗೆ ಹಾಡಬೇಕು’ ಎಂದು ಹಟ ಹಿಡಿದದ್ದು, ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಲಿಲ್ಲವೆಂಬ ಸಿಟ್ಟು ನೆಪವಾಗಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟದ್ದು. ತುಪ್ಪದ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಊಟಕ್ಕೆ ಕುಳಿತ ಮಕ್ಕಳು ತುಪ್ಪಕ್ಕೆ ರಗಳೆ ಮಾಡಿದರೆ ‘ನೀನೇನು ಭೀಮಸೇನ ಜೋಶಿ ಆಗಾವನೇನು’ ಎಂದು ಗದರುವಷ್ಟು ಅದು ಮನೆಮಾತಾಗಿದೆ.

ಮುಂದಿನದು ಒಂದು ರೈಲ್ವೆ ನಕಾಶೆ. ವಿಜಾಪುರ, ಪುಣೆ, ಗ್ವಾಲಿಯರ್, ಕಲ್ಕತ್ತಾ, ಕೊನೆಗೆ ಪಂಜಾಬಿನ ಜಲಂಧರ. ಕೈಯಲ್ಲಿ ಟಿಕೀಟಿಲ್ಲ, ಹಿಡಿದವರ ಮುಂದೆ, ಸಹಪ್ರಯಾಣಿಕರ ಮುಂದೆ ಹಾಡಿ ದಾರಿ ಸಾಗಿಸುವುದು. ಗ್ವಾಲಿಯರಿನ ಸಂಗೀತ ಶಾಲೆಯಲ್ಲಿ ಕೆಲಕಾಲ ಕಲಿಕೆ, ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸದ ಹುಡುಗನಾಗಿ ದುಡಿತ, ಜಲಂಧರದಲ್ಲಿ ಮಂಗತರಾಮರ ಬಳಿ ಧ್ರುಪದದ ಪಾಠ. ಅಲ್ಲಿನ ಹರಿವಲ್ಲಭ ಸಂಗೀತ ಮೇಳಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಲ್ಲಿಯವರೆಗೆ ಏಕೆ ಬಂದೆ ಎಂಬರ್ಥದ ಮಾತು ಹೇಳಿದರಂತೆ. ದೇಶವಿಡೀ ಅಲೆದು ಹುಡುಕಿದ ಗುರು ಗದಗಿನಿಂದ ಅರ್ಧ ದಿನದ ದಾರಿಯಲ್ಲಿದ್ದರು ಎಂಬ ಈ ತಿರುವು ಎಷ್ಟು ಚೆಂದವೆಂದರೆ, ಅದನ್ನು ಯಾರೂ ಕೈಬಿಡಲೊಲ್ಲರು. ನಾನೂ ಬಿಡಲಿಲ್ಲ, ನೋಡಿ.

ಈಗ ಅದೇ 1933ನೇ ಇಸವಿಯನ್ನು ಹುಬ್ಬಳ್ಳಿಯ ಕಡೆಯಿಂದ ನೋಡಬೇಕು. ಗಂಗೂಬಾಯಿಯವರಿಗೆ ಆಗ ಇಪ್ಪತ್ತು ವರ್ಷ. ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಧಾರವಾಡಕ್ಕೆ ಬಂದಾಗ ಅಬ್ದುಲ್ ಕರೀಂ ಖಾನರಂಥವರೇ ಕುಳಿತು ಕೇಳುತ್ತಿದ್ದ ಹಾಡುಗಾರಿಕೆ ಅವರದು. ಮಗಳಿಗೆ ಹಿಂದೂಸ್ಥಾನಿಯ ಒಲವಿದೆ ಎಂದು ಗೊತ್ತಾದಾಗ ಆ ತಾಯಿ, ತನ್ನ ರೀತಿಯ ಹಾಡು ಮಗಳ ಕಿವಿಗೆ ಬಿದ್ದು ಕಲಿಕೆ ಕೆಡಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿದರು. 1928ರಲ್ಲಿ ಸಂಸಾರ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಮಗಳ ಸಂಗೀತಕ್ಕಾಗಿಯೇ. ಹದಿನಾರಕ್ಕೆ ವಕೀಲರಾದ ಗುರುರಾವ್ ಕೌಲಗಿಯವರೊಡನೆ ಮದುವೆ. 1930ರ ದಶಕದ ಮೊದಲಲ್ಲೇ ತಾಯಿ ತೀರಿಕೊಂಡರು. ಹೆಚ್ಚು ದಿನ ಕಳೆಯದೆ ತಂದೆಯೂ ಹೋದರು. ಹಾಡು ಅಷ್ಟರಲ್ಲಿ ಅವರಿಗೆ ಹಂಬಲ ಮಾತ್ರವಾಗಿ ಉಳಿದಿರಲಿಲ್ಲ, ಮನೆಯನ್ನು ನಡೆಸುವ ದುಡಿಮೆಯೂ ಆಗಿತ್ತು.

ಭೀಮಸೇನ ಹತ್ತಿದ ಟಿಕೀಟಿಲ್ಲದ ಗಾಡಿಯನ್ನು ಗಂಗೂಬಾಯಿ ಹತ್ತುವಂತಿರಲಿಲ್ಲ. ಇದನ್ನು ಹೇಳಲು ದೊಡ್ಡ ವಿಚಾರವೇನೂ ಬೇಡ, ಆದರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸ್ಟೇಶನ್ನಿನ ಕಟ್ಟೆಯ ಮೇಲೆ ಮಲಗಿ, ಅಪರಿಚಿತರ ಮನೆಯಲ್ಲಿ ಉಂಡು, ಮೂರು ವರ್ಷ ಅಲೆದು ಮನೆಗೆ ಬಂದ ಹುಡುಗನನ್ನು ತಂದೆ ಕೈಹಿಡಿದು ಗುರುವಿನ ಬಳಿಗೆ ಒಯ್ದರು. ಹಾಗೆ ಓಡಿಹೋದ ಹುಡುಗಿಗೆ ತಿರುಗಿ ಬರಲು ಮನೆ ಇರುತ್ತಿರಲಿಲ್ಲ. ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದವಳಿಗಂತೂ ಓಡುವುದಿರಲಿ, ನಿಂತ ಜಾಗದಲ್ಲೇ ಮಾತು ಕೇಳಬೇಕಿತ್ತು. ಧಾರವಾಡದ ಶುಕ್ರವಾರಪೇಟೆಯಲ್ಲಿ ಬ್ರಾಹ್ಮಣರ ಮನೆಗಳ ನಡುವೆ ಬೆಳೆದ ಗಂಗೂಬಾಯಿ, ಬಾಲ್ಯದಲ್ಲಿ ನೆರೆಯವರ ತೋಟದ ಮಾವಿನಕಾಯಿ ಕಿತ್ತಾಗ ಆದ ಗದ್ದಲವನ್ನು ಮುಂದೆ ನೆನೆಯುತ್ತಿದ್ದರು; ಆ ನೆರೆಯವರಿಗೆ ಕಾಯಿ ಹೋದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದೇ ದೊಡ್ಡದಾಗಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಹಾಡುವ ಸಂಭ್ರಮದ ಜೊತೆಗೇ, ಊಟದ ಮೇಲೆ ಎಲ್ಲಿ ತನ್ನಿಂದ ಎಂಜಲೆಲೆ ತೆಗೆಸುತ್ತಾರೋ ಎಂಬ ಅಂಜಿಕೆ ಆ ಹನ್ನೊಂದರ ಹುಡುಗಿಗಿತ್ತು. ಭೀಮಸೇನ ಮನೆ ಬಿಟ್ಟದ್ದೂ ಹನ್ನೊಂದಕ್ಕೇ. ಒಬ್ಬರಿಗೆ ತುಪ್ಪದ ಸಿಟ್ಟು, ಒಬ್ಬರಿಗೆ ಎಲೆಯ ಅಂಜಿಕೆ.

ಇವರಿಬ್ಬರನ್ನೂ ಒಂದೇ ಅಂಗಳಕ್ಕೆ ತಂದ ರಾಮಭಾವು ಕುಂದಗೋಳಕರರ, ಅಂದರೆ ಸವಾಯಿ ಗಂಧರ್ವರ, ಬಗ್ಗೆ ತುಸು ನಿಲ್ಲಬೇಕು, ಏಕೆಂದರೆ ಗುರುವಿನ ಆರಂಭವೂ ಅಷ್ಟೇ ವಿಚಿತ್ರ. ಅವರು ಹುಟ್ಟಿದ್ದು 1886ರಲ್ಲಿ. ತಂದೆ ಕುಂದಗೋಳದ ರಂಗನಗೌಡ ನಾಡಿಗೇರರಲ್ಲಿ ಗುಮಾಸ್ತರು. ಕುಂದಗೋಳ ಆಗ ಸುತ್ತಲಿನ ಬ್ರಿಟಿಷ್ ಮುಲುಕಿನ ನಡುವೆ ದ್ವೀಪದಂತೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜದಲ್ಲಿ. ದಸರೆಗೆ, ದರ್ಬಾರಿಗೆ ಅವರು ಹೋಗುತ್ತಿದ್ದುದು ಮೈಸೂರಿಗೆ. ಮಿರಜದಿಂದ ಹೊರಟ ಗಾಡಿ ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಹಾವೇರಿ ದಾಟಿಯೇ ದಕ್ಷಿಣಕ್ಕೆ ಇಳಿಯಬೇಕು. ಧಾರವಾಡದ ನೀರಿನಲ್ಲಿ ಸಂಗೀತವಿದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಕೇಳಿದರೆ ನೀರಿಗಿಂತ ಹಳಿಯ ಪಾಲು ದೊಡ್ಡದು. ಉಸ್ತಾದರು ನಡುದಾರಿಯಲ್ಲಿ ಇಳಿದು ನಾಡಿಗೇರ ವಾಡೆಯಲ್ಲಿ ತಂಗಿದಾಗ ಗುಮಾಸ್ತರ ಮಗನ ದನಿ ಅವರ ಕಿವಿಗೆ ಬಿತ್ತು. ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಕರಾರಿನ ಮೇಲೆ ಶಿಷ್ಯನನ್ನಾಗಿ ಒಪ್ಪಿದರೆಂದು ಹೇಳುತ್ತಾರೆ. ಕಲಿತ ಶಿಷ್ಯ ಗುರುವಿನ ಇಚ್ಛೆಗೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿ, ಸೀರೆಯುಟ್ಟು ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರಾದ. ಸ್ತ್ರೀಪಾತ್ರಗಳಿಗೆ ಹೆಸರಾದ ಬಾಲಗಂಧರ್ವರು ಮೆರೆಯುತ್ತಿದ್ದ ಕಾಲದಲ್ಲಿ ‘ಸವಾಯಿ’, ಅಂದರೆ ಒಂದೂಕಾಲು ಪಟ್ಟು, ಗಂಧರ್ವ ಎಂಬ ಬಿರುದು ಪಡೆದ. ಹೆಣ್ಣಾಗಿ ಹಾಡಿ ಗೆದ್ದ ಈ ಗಂಡಸಿನ ಕೈಯಲ್ಲಿ ಕಲಿತ ಹೆಣ್ಣುಮಗಳ ದನಿ ಮುಂದೆ ಗಂಡಸರ ದನಿಗಿಂತ ಆಳಕ್ಕೆ ಇಳಿಯಿತು ಎಂಬುದು ಯಾವ ನಾಟಕಕಾರನಿಗೂ ಹೊಳೆಯದ ಸಂಗತಿ.

ನಾಟಕ ಕಂಪನಿ ಆ ತಲೆಮಾರಿನ ಬಹಳ ಗಾಯಕರಿಗೆ ಮೊದಲ ಶಾಲೆ. ಧಾರವಾಡದ ಪಕ್ಕದ ಮನ್ಸೂರಿನ ಮಲ್ಲಿಕಾರ್ಜುನ, ಅಣ್ಣ ಬಸವರಾಜರ ಹಿಂದೆ ರಂಗಭೂಮಿಗೆ ಹೋದ ಬಾಲಕನೇ. ಆ ಹಾಡನ್ನು ಮೆಚ್ಚಿ ನೀಲಕಂಠಬುವಾ ಆಲೂರಮಠರು ಮಿರಜಕ್ಕೆ ಕರೆದೊಯ್ದು ಆರು ವರ್ಷ ಗ್ವಾಲಿಯರ್ ಪದ್ಧತಿಯ ತಾಲೀಮು ಕೊಟ್ಟರು. ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ ಮತ್ತೆ ಮೊದಲಿನಿಂದ ಕಲಿತದ್ದು ಬೇರೆಯೇ ಬರಹಕ್ಕೆ ವಸ್ತು. ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯ, ಮುಂಬಯಿಯ ಪಾರಸಿ ಹುಡುಗ ಫಿರೋಜ್ ದಸ್ತೂರ್, 1933ರ ಹೊತ್ತಿಗೆ ವಾಡಿಯಾ ಮೂವಿಟೋನಿನ ಚಿತ್ರದಲ್ಲಿ ಹಾಡಿ ನಟಿಸಿದ ಬಾಲನಟ. ಒಬ್ಬ ಗುರುವಿನ ಶಿಷ್ಯರಲ್ಲಿ ಒಬ್ಬ ಪರದೆಯ ಮೇಲಿದ್ದ, ಒಬ್ಬ ರೈಲಿನಲ್ಲಿದ್ದ, ಒಬ್ಬಳು ಒಲೆಯ ಮುಂದಿದ್ದಳು.

ಭೀಮಸೇನ ಕುಂದಗೋಳ ಸೇರಿದ್ದು 1936ರಲ್ಲಿ. ಅಲ್ಲಿಂದ ಸುಮಾರು ನಾಲ್ಕು ವರ್ಷ ಅಲ್ಲಿಯೇ ವಾಸ. ಗುರುವಿನ ಮನೆಗೆ ಬಾವಿಯಿಂದ ನೀರು ಸೇದಿ ಹೊರುವುದರಿಂದ ದಿನ ಆರಂಭ. ಪಾಠವೆಂದರೆ ಮುಖ್ಯವಾಗಿ ಮೂರೇ ರಾಗ: ಬೆಳಿಗ್ಗೆ ತೋಡಿ, ಮಧ್ಯಾಹ್ನ ಇಳಿಯುವಾಗ ಮುಲ್ತಾನಿ, ಸಂಜೆ ಪೂರಿಯಾ. ಈ ಮೂರು ರಾಗಗಳ ಆಯ್ಕೆಯಲ್ಲಿ ಒಂದು ಲೆಕ್ಕವಿದೆ. ಮೂರರಲ್ಲೂ ರಿಷಭ ಕೋಮಲ, ಮಧ್ಯಮ ತೀವ್ರ. ತೋಡಿಗೂ ಮುಲ್ತಾನಿಗೂ ಏಳೂ ಸ್ವರಗಳು ಒಂದೇ, ಆದರೂ ಒಂದರ ಮೋರೆ ಇನ್ನೊಂದಕ್ಕಿಲ್ಲ. ಸ್ವರದ ಸ್ಥಾನ ಗೊತ್ತಿದ್ದರೆ ಸಾಲದು, ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಸವರಿ ಹೋಗಬೇಕು ಎಂಬುದು ತಿಳಿಯದೆ ಈ ರಾಗಗಳಲ್ಲಿ ನಾಲ್ಕು ಹೆಜ್ಜೆ ನಡೆಯಲಾಗದು. ತಿಂಗಳುಗಟ್ಟಲೆ ಒಂದೇ ರಾಗ ತಿದ್ದಿದರೆ ಉಳಿದ ರಾಗಗಳಿಗೆ ದಾರಿ ತಾನಾಗಿ ತೆರೆಯುತ್ತದೆ ಎಂಬುದು ಆ ಮನೆಯ ನಂಬಿಕೆ. ಹದಿನಾಲ್ಕು ತುಂಬಿದ, ಅದಾಗಲೇ ಅರ್ಧ ದೇಶ ನೋಡಿ ಬಂದ ಹುಡುಗನಿಗೆ ಈ ಮೂರು ರಾಗಗಳ ಒಳಗೆ ವರ್ಷಗಟ್ಟಲೆ ಕೂಡುವುದು ಹೇಗಿದ್ದಿರಬೇಕು? ಓಡಿಹೋದ ಕಥೆಗಿಂತ ಈ ಕುಳಿತ ಕಥೆಯೇ ನನಗೆ ಹೆಚ್ಚು ಬೆರಗಿನದು. ಆದರೆ ಇದರಲ್ಲಿ ಘಟನೆಗಳಿಲ್ಲ. ನೀರು, ತಂಬೂರಿ, ತೋಡಿ, ಮತ್ತೆ ನೀರು. ಹೀಗಾಗಿ ಹೇಳುವವರು ಇದನ್ನು ‘ಕಠಿಣ ಸಾಧನೆ’ ಎಂಬ ಎರಡು ಪದದಲ್ಲಿ ದಾಟಿ 1941ರ ಮೊದಲ ಕಛೇರಿಗೆ, 1942ರ ಎಚ್‌ಎಂವಿ ಮುದ್ರಿಕೆಗೆ, 1943ರಲ್ಲಿ ಮುಂಬಯಿಯ ರೇಡಿಯೋ ಕಲಾವಿದನಾದದ್ದಕ್ಕೆ ಜಿಗಿಯುತ್ತಾರೆ.

ಗಂಗೂಬಾಯಿಯವರ ವರ್ಷಗಳು ಇನ್ನೂ ಕಡಿಮೆ ಘಟನೆಗಳವು. ಹುಬ್ಬಳ್ಳಿಯಲ್ಲಿ ಮೊದಲು ಕಿನ್ನರಿ ನುಡಿಸುತ್ತಿದ್ದ ಕೃಷ್ಣಾಚಾರ್ಯ ಹುಲಗೂರರ ಬಳಿ ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳನ್ನು, ಅಂದರೆ ರಾಗದಲ್ಲಿ ಕಟ್ಟಿದ ಸಣ್ಣ ಹಾಡುಗಳನ್ನು, ಕಲಿತು, ಸಂಬಳದ ಮಾತಿಗೆ ಮನಸ್ತಾಪ ಬಂದು ಆ ಪಾಠ ನಿಂತಿತ್ತು. ಬಳಿಕ ಸವಾಯಿ ಗಂಧರ್ವರಿಂದ ಅವರು ಊರಿನಲ್ಲಿದ್ದಾಗಷ್ಟೇ ಅಲ್ಪಸ್ವಲ್ಪ ಪಾಠ. ಗುರುಗಳು ನಾಟಕದ ತಿರುಗಾಟ ಮುಗಿಸಿ ಕುಂದಗೋಳಕ್ಕೆ ಬಂದು ನೆಲೆಸಿದ ಮೇಲೆ, 1930ರ ದಶಕದ ಕೊನೆಯ ಹೊತ್ತಿಗೆ, ಸುಮಾರು ಮೂರು ವರ್ಷ ನಿಯಮಿತ ತಾಲೀಮು ದೊರೆಯಿತು. ವರ್ಷಕ್ಕೆ ಅರವತ್ತು ಚೀಜು ಕಲಿತವರು ಇಲ್ಲಿ ಒಂದು ರಾಗದ ಒಂದು ತುಣುಕನ್ನು ದಿನಗಟ್ಟಲೆ ತಿರುಗಿಸಬೇಕಾಯಿತು. ಜಿಪುಣ ಹಣ ಖರ್ಚು ಮಾಡುವಂತೆ ಸ್ವರವನ್ನು ಖರ್ಚು ಮಾಡಬೇಕು ಎಂಬುದು ಗುರುಗಳು ತಮಗೆ ಕಲಿಸಿದ ರೀತಿ ಎಂದು ಗಂಗೂಬಾಯಿ ಮುಂದೆ ಹೇಳುತ್ತಿದ್ದರು. ಮುಂದಿನ ಸ್ವರ ಯಾವಾಗ ಬಂದೀತು ಎಂದು ಕೇಳುವವರು ಕಾಯುವಂತಿರಬೇಕು. ಅವರ ಪ್ರೌಢ ಗಾಯನ ಕೇಳಿದವರಿಗೆ ಈ ಮಾತಿನ ಅರ್ಥ ವಿವರಿಸಬೇಕಿಲ್ಲ; ಷಡ್ಜದಿಂದ ರಿಷಭಕ್ಕೆ ಹೋಗಲು ಅವರಿಗೆ ಯಾವ ಅವಸರವೂ ಇರುತ್ತಿರಲಿಲ್ಲ.

ನನಗೆ ಅಂದು ಗಾಡಿಯಲ್ಲಿ ಕುಳಿತಾಗ ಹೊಳೆದದ್ದು ಇಷ್ಟು. ಜಿಪುಣತನವನ್ನು ಅವರು ಗುರುವಿನಿಂದ ಕಲಿತರು, ಸರಿ. ಆದರೆ ಅವರ ಬಳಿ ಇದ್ದ ಹೊತ್ತೇ ಜಿಪುಣತನದ್ದು. ಗುರುಗೃಹದಲ್ಲಿಯೇ ಇದ್ದ ಶಿಷ್ಯನಿಗೆ ಇಡೀ ದಿನ ಇತ್ತು, ತಪ್ಪಿದ್ದನ್ನು ನಾಳೆ ತಿದ್ದಿಕೊಳ್ಳಬಹುದಿತ್ತು, ಅಡುಗೆಮನೆಯಿಂದಲೇ ಗುರುಗಳ ಗುನುಗು ಕಿವಿಗೆ ಬೀಳುತ್ತಿತ್ತು. ಹುಬ್ಬಳ್ಳಿಯಿಂದ ಬರುವವರಿಗೆ ಒಂದು ಗಾಡಿಗೂ ಇನ್ನೊಂದು ಗಾಡಿಗೂ ನಡುವಿನ ಹೊತ್ತು ಮಾತ್ರ. ಕೇಳಿದ್ದನ್ನು ಅಲ್ಲಿಯೇ ಗಂಟಲಿಗಿಳಿಸಿ, ತಿರುಗಿ ಬರುವ ಹಾದಿಯಲ್ಲಿ ಮನಸ್ಸಿನೊಳಗೇ ಹಾಡಿಕೊಂಡು, ಮನೆಯ ಕೆಲಸದ ನಡುವೆ ಅದು ಜಾರದಂತೆ ಹಿಡಿದಿರಬೇಕು. ಇದು ನನ್ನ ಊಹೆಯೇ ಹೊರತು ಅವರು ಎಲ್ಲಿಯೂ ಹೀಗೆಂದಿಲ್ಲ. ಆದರೂ ಅವರ ಗಾಯನದ ಆ ನಿಧಾನ, ಕೈಗೆ ಸಿಕ್ಕ ಒಂದು ಸ್ವರಗುಚ್ಛವನ್ನು ಬಿಟ್ಟುಕೊಡದೆ ಎಲ್ಲ ಮಗ್ಗುಲಿನಿಂದಲೂ ನೋಡುವ ಬಗೆ, ಆ ಗಾಡಿಯ ಹಾದಿಯಲ್ಲಿ ರೂಢಿಯಾದದ್ದಿರಬೇಕು ಎಂದು ನನಗನಿಸುತ್ತದೆ.

ಹೀಗೆ ಕುಳಿತು ಕಾಯುವ ವರ್ಷಗಳು ಎಲ್ಲರಿಗೂ ಆರಂಭದಲ್ಲೇ ಬರುತ್ತವೆಂದಲ್ಲ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ, ಗ್ರಾಮೊಫೋನ್ ಪ್ಲೇಟಿನಲ್ಲಿ ಕೇಳಿದ್ದನ್ನು, ಹಾಡಿದವರ ಉಸಿರಿನ ಎಳೆತದ ಸಮೇತ, ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಕ. ಹತ್ತು ತುಂಬುವುದರೊಳಗೆ ‘ಕುಮಾರ ಗಂಧರ್ವ’ ಎಂದು ಕರೆಸಿಕೊಂಡು ಊರೂರು ಹಾಡಿದ. ಪ್ಲೇಟಿನ ಮೂರು ಚಿಲ್ಲರೆ ನಿಮಿಷವೇ ಆ ಹುಡುಗನ ಪಾಠಶಾಲೆ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತದ್ದು ಆ ಕೀರ್ತಿಯ ನಂತರ; ಇನ್ನು ಕುಳಿತು ಕಾಯುವ ವರ್ಷಗಳು ಬಂದದ್ದು ದೇವಾಸದಲ್ಲಿ ಕ್ಷಯರೋಗ ಹಿಡಿದು ಹಾಡುವಂತಿಲ್ಲವೆಂದು ಹಾಸಿಗೆಯಲ್ಲಿ ಮಲಗಿದಾಗ. ಆಗ ಕಿಟಕಿಯಾಚೆಯ ಮಾಳವದ ಜನಪದ ಹಾಡುಗಳನ್ನು ಕೇಳುತ್ತ, ಅನುಕರಣೆಯಲ್ಲಿ ಗೆದ್ದಿದ್ದ ಹುಡುಗ ಯಾರ ಅನುಕರಣೆಯೂ ಅಲ್ಲದ ಗಾಯಕನಾಗಿ ಎದ್ದ. ಕುಂದಗೋಳದ ನೀರಿನ ಕೊಡ ಅವನಿಗೆ ರೋಗದ ರೂಪದಲ್ಲಿ ಬಂತು.

ಮತ್ತೆ ಗಂಗೂಬಾಯಿಯವರ ದನಿಗೆ ಬರುತ್ತೇನೆ, ಏಕೆಂದರೆ ಅವರ ಆರಂಭದ ಬದುಕಿನ ಒಂದು ತುಂಡು ಮಾತ್ರ ಯಾರ ಬಣ್ಣನೆಯೂ ಇಲ್ಲದೆ ನಮಗೆ ಸಿಕ್ಕಿದೆ. 1930ರ ದಶಕದ ಮೊದಲ ಭಾಗದಲ್ಲಿ ಎಚ್‌ಎಂವಿ ಅವರ ಹಾಡುಗಳನ್ನು ಮುದ್ರಿಸಿತು. ಆ ಪ್ಲೇಟುಗಳ ಮೇಲೆ ಗಂಗೂಬಾಯಿ ಎಂಬ ಹೆಸರಿಲ್ಲ, ಇರುವುದು ‘ಗಾಂಧಾರಿ’. ನಮಗೆ ಗೊತ್ತಿರುವ ದನಿಯೂ ಅಲ್ಲಿಲ್ಲ. ಎಳೆಯ, ಚೂಪಾದ, ತಾರಸಪ್ತಕಕ್ಕೆ ಚಿಮ್ಮುವ ಹೆಣ್ಣುದನಿ. ಮೂರು ನಿಮಿಷದಲ್ಲಿ ತಾನುಗಳನ್ನು ಉದುರಿಸಿ ಮುಗಿಸುವ ಚುರುಕು. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆ ಪಡೆದ ಮೇಲೆ ಆ ದನಿ ಇಳಿಯಿತು, ಗಡುಸಾಯಿತು, ಅವರ ಮಂದ್ರ ಷಡ್ಜಕ್ಕೆ ಆ ಘನತೆ ಬಂತು. ದನಿ ಹೋಯಿತೆಂದು ಇನ್ನೊಬ್ಬರಾದರೆ ತಂಬೂರಿಗೆ ಗವಸು ಹಾಕುತ್ತಿದ್ದರು. ಇವರು ಸಿಕ್ಕ ದನಿಯಲ್ಲೇ ಮತ್ತೆ ಹಾಡನ್ನು ಕಟ್ಟಿಕೊಂಡರು. ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಹೆಸರಿನ ಕೊನೆಯ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂದು ಅವರು ಆಡುತ್ತಿದ್ದ ಮಾತು ಪ್ರಸಿದ್ಧ. ಮೊದಲ ಪ್ಲೇಟಿನಲ್ಲಂತೂ ‘ಬಾಯಿ’ಯೂ ಇರಲಿಲ್ಲ.

ಕುಂದಗೋಳದಿಂದ ಹಿಂದಿರುಗಿದ ಮೇಲೆ ಆ ಹಳೆಯ ಮುದ್ರಿಕೆಗಳಲ್ಲಿ ಒಂದನ್ನು ಹುಡುಕಿ ಅವ್ವನಿಗೆ ಕೇಳಿಸಿದೆ. ಅವ್ವನಿಗೆ ಸಂಗೀತದ ಪಾಠವಾಗಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಭೀಮಸೇನ ಜೋಶಿಯವರ ದಾಸರ ಪದ ಹಚ್ಚದೆ ಅವಳ ಪೂಜೆ ಆರಂಭವಾಗುತ್ತಿರಲಿಲ್ಲ, ಮತ್ತು ಧಾರವಾಡ ಆಕಾಶವಾಣಿಯಲ್ಲಿ ಗಂಗೂಬಾಯಿ ಹಾಡುತ್ತಿದ್ದರೆ ಮೊದಲ ಆಕಾರಕ್ಕೇ ‘ಗಂಗಕ್ಕ’ ಎಂದು ಗುರುತು ಹಿಡಿಯುತ್ತಿದ್ದಳು. ಸೊಪ್ಪು ಸೋಸುತ್ತ ಕುಳಿತಿದ್ದವಳು ಗರಗರ ಸದ್ದಿನ ನಡುವಿನ ಆ ಸಣ್ಣ ದನಿಯನ್ನು ಅರ್ಧದವರೆಗೆ ಕೇಳಿ ತಲೆಯೆತ್ತಿದಳು.

“ಯಾರ ಹುಡುಗಿ ಅದು? ಭಾಳ ಗಡಿಬಿಡಿ ಮಾಡ್ತಾಳ.”

ಹೇಳಿದೆ. ನಂಬಲಿಲ್ಲ. ಮೊಬೈಲನ್ನು ಕೈಗೆ ತೆಗೆದುಕೊಂಡು, ಅದರಲ್ಲಿ ಮುಖವೇನಾದರೂ ಕಂಡೀತೇ ಎಂಬಂತೆ ನೋಡಿ, ಮೊದಲಿನಿಂದ ಮತ್ತೊಮ್ಮೆ ಹಚ್ಚು ಎಂದಳು.